ಆ ಲೇಖನದಲ್ಲಿ ಬೋರ್ಡ್ ಪೇಂಟರ್ ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಆಧುನಿಕ ಚಿತ್ರಕಲೆ ಬಗ್ಗೆ ಬಂದ ಲೇಖನ ಓದಿದೆ. ಬರೆದವರು ಚೆನ್ನಾಗಿ ಓದಿಕೊಂಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡುವೆ ಒಂದು ಕಡೆ ಹೀಗೆ ಬರೆದಿದ್ದಾರೆ: ಎರಡು ಮಹಾಯುದ್ಧಗಳ ನಡುವೆ ಅಮೆರಿಕದವರು ಪ್ಯಾರಿಸ್ಸನ್ನು ನಕಲು ಮಾಡುತ್ತ ಕೂತಿದ್ದರು, ತಮ್ಮದು ಅನ್ನುವಂಥದ್ದು ಹುಟ್ಟಿದ್ದು 1945ರ ನಂತರವೇ ಅಂತ. ಇಪ್ಪತ್ತು ವರ್ಷವನ್ನು ಒಂದೇ ಉಸಿರಿನಲ್ಲಿ ಮುಗಿಸಿ ಸೀದಾ ಕ್ಯಾನ್ವಾಸಿನ ಮೇಲೆ ಬಣ್ಣ ಚೆಲ್ಲಿ ಹೆಸರಾದ ಜಾಕ್ಸನ್ ಪೊಲಾಕ್ ಹತ್ತಿರ ಹೋಗಿದ್ದಾರೆ. ಇದಕ್ಕೆ ನನ್ನ ತಕರಾರಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ. ಕತ್ತರಿಸುವುದಾದರೆ ಕತ್ತರಿಸಿ, ಆದರೆ ಡೆಮುತ್ ಅನ್ನುವ ಚಿತ್ರಕಾರನ ಬಗ್ಗೆ ಬರೆದದ್ದನ್ನು ಮಾತ್ರ ಬಿಡಬೇಡಿ.

ನಾನು ಪ್ರೊಫೆಸರ್ ಅಲ್ಲ. ಬಾಗಲಕೋಟೆಯಲ್ಲಿ ಬೋರ್ಡ್ ಬರೆದು ಸಂಸಾರ ಸಾಗಿಸಿದವನು. ಕಿರಾಣಿ ಅಂಗಡಿ, ಖಾನಾವಳಿ, ದವಾಖಾನೆ, ಚುನಾವಣೆ ಗೋಡೆ, ಲಾರಿ ಹಿಂದಿನ ಬಾಗಿಲು, ಕಬ್ಬಿನ ಟ್ರ್ಯಾಲಿ, ಯಾವುದನ್ನೂ ಬೇಡ ಅಂದಿಲ್ಲ. ಹಳೇ ಊರಿನ ವೆಂಕಟಪೇಟೆ, ಹೊಸಪೇಟೆ ಕಡೆ ನಾನು ಬರೆದ ತಗಡಿನ ಬೋರ್ಡು ಎಷ್ಟಿದ್ದವೋ. ಆಲಮಟ್ಟಿ ಹಿನ್ನೀರು ಬಂದಾಗ ಕೆಲವು ಅಂಗಡಿಯವರು ಬೋರ್ಡ್ ಸಮೇತ ನವನಗರಕ್ಕೆ ಬಂದರು, ಕೆಲವರು ಬೋರ್ಡನ್ನು ಗೋಡೆಗೇ ಬಿಟ್ಟು ಬಂದರು. ಚಿತ್ರಕಲೆ ಬಗ್ಗೆ ನನಗೆ ತಿಳಿದದ್ದೆಲ್ಲ ಶುರುವಾಗಿದ್ದು ನಮ್ಮ ಡ್ರಾಯಿಂಗ್ ಮಾಸ್ತರರಿಂದ. ಅವರ ಹತ್ತಿರ ಅಮೆರಿಕದ ರಾಯಭಾರ ಕಚೇರಿಯವರು ತರುತ್ತಿದ್ದ ಸ್ಪ್ಯಾನ್ ಪತ್ರಿಕೆಯ ಹಳೇ ಸಂಚಿಕೆಗಳ ಗಂಟೇ ಇತ್ತು. ನುಣುಪು ಕಾಗದ, ಬಣ್ಣದ ಅಚ್ಚು. ನಾವು ಅದರ ಅಕ್ಷರ ನೋಡುತ್ತಿದ್ದೆವು, ಮಾಸ್ತರರು ಚಿತ್ರ ತೋರಿಸುತ್ತಿದ್ದರು. ಈಗ ಮೊಮ್ಮಗಳ ಫೋನಿನಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ಮಿನ ಚಿತ್ರಗಳನ್ನು ಬೆರಳಿಂದ ಹಿಗ್ಗಿಸಿ ಬ್ರಷ್ಷಿನ ಎಳೆ ಕಾಣುವವರೆಗೂ ನೋಡುತ್ತೇನೆ. ಬೋರ್ಡಿನವನ ಕಣ್ಣು ಅಲ್ವಾ, ಮೊದಲು ಅಂಚಿಗೇ ಹೋಗುತ್ತದೆ.

ಪ್ಯಾರಿಸ್ ಪ್ರಭಾವ ಇರಲೇ ಇಲ್ಲ ಅಂತ ನಾನು ಹೇಳುವುದಿಲ್ಲ. 1913ರಲ್ಲಿ ನ್ಯೂಯಾರ್ಕಿನಲ್ಲಿ ಸೈನ್ಯದ ಕಟ್ಟಡವೊಂದರಲ್ಲಿ ಆರ್ಮರಿ ಶೋ ಅನ್ನುವ ಕಲಾ ಪ್ರದರ್ಶನ ನಡೆಯಿತು. ಯುರೋಪಿನ ಹೊಸ ಚಿತ್ರ ನೋಡಿ ಜನ ನಕ್ಕರು, ಬೈದರು, ಆದರೆ ಕಲಾವಿದರು ಮನೆಗೆ ಹೋಗಿ ತಮ್ಮ ಹಳೇ ಚಿತ್ರಗಳನ್ನು ಗೋಡೆ ಕಡೆ ತಿರುಗಿಸಿಟ್ಟರು ಅನ್ನಬೇಕು. ಫ್ರಾನ್ಸಿನ ಕಲಾವಿದ ದ್ಯುಷಾಂ ಮುಂದೆ ನ್ಯೂಯಾರ್ಕಿಗೇ ಬಂದು ಕೂತ. 1920ರಲ್ಲಿ ಕ್ಯಾಥರೀನ್ ಡ್ರಯರ್ ಅನ್ನುವ ಹೆಣ್ಣುಮಗಳು ಅವನನ್ನೂ ಅಮೆರಿಕದ ಕಲಾವಿದ ಮ್ಯಾನ್ ರೇಯನ್ನೂ ಜೊತೆ ಹಾಕಿಕೊಂಡು ಹೊಸ ಕಲೆ ತೋರಿಸುವುದಕ್ಕೆ ಅಂತಲೇ ಒಂದು ಸಂಸ್ಥೆ ಕಟ್ಟಿದಳು. ಮ್ಯಾನ್ ರೇ ಮರುವರ್ಷವೇ ಪ್ಯಾರಿಸ್ಸಿಗೆ ಹೋದ. ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆಯ ತಳಕ್ಕೆ ಮೊಳೆ ಅಂಟಿಸಿ ಅದನ್ನೇ ಕಲೆ ಅಂತ ಇಟ್ಟ. ಇದೆಲ್ಲ ನಿಮ್ಮ ಲೇಖಕರಿಗೂ ಗೊತ್ತು, ಬರೆದಿದ್ದಾರೆ. ಅವರು ಬಿಟ್ಟಿದ್ದು ಬೀದಿಯನ್ನು.

ಸ್ಟುವರ್ಟ್ ಡೇವಿಸ್ ಅಂತ ಒಬ್ಬ ಚಿತ್ರಕಾರ. 1892ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವನು. ಅವನ ಅಪ್ಪ ನಿಮ್ಮ ಹಾಗೆಯೇ ಪತ್ರಿಕೆಯವನು, ಪತ್ರಿಕೆಯ ಚಿತ್ರ ವಿಭಾಗ ನೋಡಿಕೊಳ್ಳುತ್ತಿದ್ದ. ಇಪ್ಪತ್ತರ ಹುಡುಗನಾಗಿದ್ದಾಗಲೇ ಆರ್ಮರಿ ಶೋದಲ್ಲಿ ಇವನ ಜಲವರ್ಣಗಳಿದ್ದವು. 1921ರಲ್ಲಿ ಇವನು ಲಕ್ಕಿ ಸ್ಟ್ರೈಕ್ ತಂಬಾಕಿನ ಪೊಟ್ಟಣವನ್ನು ಚಿತ್ರ ಮಾಡಿದ. ಪೊಟ್ಟಣ ಬಿಡಿಸಿ, ಚಪ್ಪಟೆ ಮಾಡಿ, ತುಂಡು ತುಂಡು ಅಂಟಿಸಿದ ಹಾಗೆ ಕಾಣುತ್ತದೆ. ಪ್ಯಾರಿಸ್ಸಿನವರು ಪೇಪರಿನ ಚೂರು ನಿಜವಾಗಿಯೇ ಅಂಟಿಸುತ್ತಿದ್ದರು. ಡೇವಿಸ್ ಒಂದು ಚೂರೂ ಅಂಟಿಸಿಲ್ಲ. ಅಕ್ಷರ, ಅಂಚು, ಮುದ್ರೆ ಎಲ್ಲ ಬ್ರಷ್ಷಿನಲ್ಲಿ ಬರೆದದ್ದು. ಇಲ್ಲಿ ನಕಲು ಯಾರದ್ದು ಹೇಳಿ? ಅಚ್ಚಿನ ಅಕ್ಷರವನ್ನು ಕೈಯಿಂದ ಅಚ್ಚಿನ ಹಾಗೆ ಬರೆಯುವುದು ಬೋರ್ಡಿನವನ ಕಸುಬು. ಬೀಡಿ ಕಂಪನಿಯವರು ಒಂದು ಲೇಬಲ್ ಕೈಗೆ ಕೊಟ್ಟು "ಇದನ್ನೇ ಎಂಟು ಅಡಿ ಮಾಡು" ಅಂದರೆ ನಾವು ಮಾಡುತ್ತಿದ್ದದ್ದೂ ಅದೇ. ಲೇಬಲ್ಲಿನಲ್ಲಿ ಕಾಣದ ತಪ್ಪು ಎಂಟು ಅಡಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅದನ್ನು ಎಲ್ಲಿ ತಿದ್ದಬೇಕು, ಎಲ್ಲಿ ಬಿಡಬೇಕು ಅನ್ನುವುದರಲ್ಲೇ ಕೈಗುಣ ಇರುವುದು. ಡೇವಿಸ್ ಕೆಲವನ್ನು ಬೇಕಂತಲೇ ಬಿಟ್ಟಿದ್ದಾನೆ.

1924ರಲ್ಲಿ ಬಾಯಿ ಮುಕ್ಕಳಿಸುವ ಓಡೋಲ್ ಅನ್ನುವ ಔಷಧಿಯ ಸೀಸೆ ಬರೆದ. ಕುತ್ತಿಗೆ ಒಂದು ಕಡೆ ವಾಲಿದ ಸೀಸೆ. ಮೇಲೆ ಕಂಪನಿ ಹೆಸರು, ಕೆಳಗೆ ಜಾಹೀರಾತಿನ ಮಾತು. ಆ ಕಾಲಕ್ಕೆ ಇದನ್ನು ಚಿತ್ರ ಅನ್ನುವುದಕ್ಕೆ ಧೈರ್ಯ ಬೇಕಿತ್ತು. ಸುಮಾರು ನಲವತ್ತು ವರ್ಷ ಕಳೆದ ಮೇಲೆ ಆಂಡಿ ವಾರ್ಹೋಲ್ ಸೂಪಿನ ಡಬ್ಬಿ ಬರೆದು ಜಗತ್ಪ್ರಸಿದ್ಧನಾದ. ಅವನಿಗಿಂತ ಎಷ್ಟು ಮೊದಲು ಈ ಮನುಷ್ಯ ಅಂಗಡಿ ಸಾಮಾನನ್ನು ಗೋಡೆಗೆ ಏರಿಸಿದ್ದ ನೋಡಿ.

ಆಮೇಲೆ 1927ರಲ್ಲಿ ಅವನಿಗೆ ಒಂದು ಹುಚ್ಚು ಹಿಡಿಯಿತು. ಮೊಟ್ಟೆ ಕಲಕುವ ಯಂತ್ರ, ಕರೆಂಟಿನ ಫ್ಯಾನು, ರಬ್ಬರಿನ ಕೈಗವಸು, ಈ ಮೂರನ್ನು ಮೇಜಿಗೆ ಮೊಳೆ ಹೊಡೆದು ಕೂರಿಸಿದ. ಸುಮಾರು ಒಂದು ವರ್ಷ ಅದೇ ಮೂರನ್ನು ಬರೆದ. ಕೊನೆಗೆ ಫ್ಯಾನೂ ಇಲ್ಲ, ಕೈಗವಸೂ ಇಲ್ಲ, ಬರೀ ಬಣ್ಣದ ಚಪ್ಪಟೆ ತುಂಡುಗಳು, ಅವು ಒಂದಕ್ಕೊಂದು ತಾಗುವ ಅಂಚುಗಳು. ಅವನು ಪ್ಯಾರಿಸ್ಸಿಗೆ ಹೋದದ್ದು ಯಾವಾಗ ಗೊತ್ತಾ? ಇದನ್ನೆಲ್ಲ ಶುರು ಹಚ್ಚಿಕೊಂಡ ಮೇಲೆ, 1928ರಲ್ಲಿ. ಮುಂದಿನ ವರ್ಷವೇ ವಾಪಸ್ ನ್ಯೂಯಾರ್ಕಿಗೆ ಬಂದ.

ಈಗ ಡೆಮುತ್ ವಿಷಯ. ಚಾರ್ಲ್ಸ್ ಡೆಮುತ್, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿನವನು. ಸಕ್ಕರೆ ಕಾಯಿಲೆಯಿಂದ ಬಹಳ ನರಳಿದ. ಇನ್ಸುಲಿನ್ ಚಿಕಿತ್ಸೆ ಪಡೆದ ಮೊದಮೊದಲಿನ ರೋಗಿಗಳಲ್ಲಿ ಅವನೂ ಒಬ್ಬ. 1935ರಲ್ಲಿ ತೀರಿಕೊಂಡ. ಅವನ ಗೆಳೆಯ ವಿಲಿಯಂ ಕಾರ್ಲೋಸ್ ವಿಲಿಯಮ್ಸ್, ವೃತ್ತಿಯಿಂದ ಡಾಕ್ಟರು, ಬರೆಯುತ್ತಿದ್ದದ್ದು ಕವಿತೆ. ಈ ಡಾಕ್ಟರು ನ್ಯೂಯಾರ್ಕಿನಲ್ಲಿ ನಡೆದುಕೊಂಡು ಹೋಗುವಾಗ ಗಂಟೆ ಬಾರಿಸುತ್ತ ಅಗ್ನಿಶಾಮಕದ ಬಂಡಿ ಎದುರು ಹಾದುಹೋಯಿತು. ಕೆಂಪು ಬಂಡಿ, ಅದರ ಮೇಲೆ ಬಂಗಾರ ಬಣ್ಣದ 5. ಅಷ್ಟೇ. ಅವರು ಅದರ ಮೇಲೆ ಒಂದು ಚಿಕ್ಕ ಕವಿತೆ ಬರೆದರು. ಆ ಕವಿತೆ ಹಿಡಿದುಕೊಂಡು 1928ರಲ್ಲಿ ಡೆಮುತ್ ತನ್ನ ಗೆಳೆಯನ ಚಿತ್ರ ಬರೆದ. ಗೆಳೆಯನ ಮುಖ ಅದರಲ್ಲಿ ಇಲ್ಲ. ಇರುವುದು 5.

ಸುಮಾರು ಮೂರು ಅಡಿ ಎತ್ತರ, ಎರಡೂವರೆ ಅಡಿ ಅಗಲ. ಕ್ಯಾನ್ವಾಸ್ ಅಲ್ಲ, ಗಟ್ಟಿ ರಟ್ಟು. ಅದರ ಮೇಲೆ ಎಣ್ಣೆಬಣ್ಣ, ಪೆನ್ಸಿಲ್, ಶಾಯಿ, ಜೊತೆಗೆ ಚಿನ್ನದ ರೇಕು. ಒಂದರೊಳಗೆ ಒಂದು ಮೂರು 5 ಇವೆ: ದೊಡ್ಡದು, ಅದರೊಳಗೆ ನಡುವಿನದು, ಅದರೊಳಗೆ ಸಣ್ಣದು. ಒಮ್ಮೆ ನೋಡಿದರೆ ಬಂಡಿ ಮೈಮೇಲೆ ನುಗ್ಗಿ ಬರುತ್ತಿದೆ, ಇನ್ನೊಮ್ಮೆ ನೋಡಿದರೆ ದೂರ ಓಡುತ್ತಿದೆ. ಹಿಂದೆ ಕೆಂಪು ಹೋಳುಗಳು, ಬೂದು-ಕಪ್ಪು ಓರೆ ಪಟ್ಟಿಗಳು, ಬೀದಿದೀಪದ ಬಿಳಿ ಗುಂಡುಗಳು. ಮೇಲೆ ಗೆಳೆಯನ ಹೆಸರಿನ ಚೂರು ಅಂಗಡಿ ಬೋರ್ಡಿನ ಹಾಗೆ ಅರ್ಧ ತುಂಡಾಗಿ ನಿಂತಿದೆ. ಇನ್ನೊಂದು ಚೂರು ಬಲ್ಬಿನ ಸಾಲಿನಲ್ಲಿ ಹೊಳೆಯುತ್ತದೆ. ಕೆಳಗೆ ಇಬ್ಬರ ಹೆಸರಿನ ಮೊದಲ ಅಕ್ಷರಗಳು, ಬೋರ್ಡಿನ ಮೂಲೆಯಲ್ಲಿ ನಾವು ಸಣ್ಣಗೆ ಹಾಕುತ್ತಿದ್ದೆವಲ್ಲ, ಹಾಗೆ.

ಅಂಕಿಗಳಲ್ಲಿ 5 ಬರೆಯುವುದು ನಿಜಕ್ಕೂ ಕಷ್ಟ. 1, 4, 7 ಸಲೀಸು, ದಾರ ಹೊಡೆದು ಗೆರೆ ಎಳೆದರೆ ಮುಗಿಯಿತು. 8 ಎರಡು ಸುತ್ತು. 5ರಲ್ಲಿ ಮೇಲೆ ಚೂಪು ಮೂಲೆ ಇರಬೇಕು, ಕೆಳಗೆ ದುಂಡು ಹೊಟ್ಟೆ ಇರಬೇಕು. ಎರಡೂ ಒಂದೇ ಮನೆಯವು ಅನ್ನಿಸಬೇಕು. ಹೊಟ್ಟೆ ದಪ್ಪ ಆದರೆ ಮುಂದಕ್ಕೆ ಬೀಳುತ್ತದೆ, ಸಣ್ಣ ಆದರೆ ಮೇಲಿನ ಪಟ್ಟಿಯ ಭಾರ ತಡೆಯುವುದಿಲ್ಲ. ಅದಕ್ಕೇ ಕಲಿಯುವ ಹುಡುಗರಿಗೆ ಮೊದಲು 5 ಕೊಡುತ್ತಿದ್ದೆ. ನವನಗರ ಕಟ್ಟುವಾಗ ಓಣಿಗೆ ಹೆಸರಿರಲಿಲ್ಲ, ಸೆಕ್ಟರ್ ನಂಬರು, ಪ್ಲಾಟ್ ನಂಬರು. ವೆಂಕಟಪೇಟೆಯವರು, ಕಿಲ್ಲಾದವರು ಅಂತ ಇದ್ದವರೆಲ್ಲ ಒಮ್ಮೆಲೇ ನಂಬರಿನವರಾದರು. ಆಗ ಬಾಗಿಲಿಗೆ, ಗೇಟಿಗೆ, ನೀರಿನ ಟಾಕಿಗೆ ನಂಬರು ಬರೆಸಲು ಜನ ನನ್ನನ್ನೇ ಕರೆಯುತ್ತಿದ್ದರು. "ದೂರದಿಂದ ಕಾಣುವ ಹಾಗೆ ಬರಿ, ಬಸ್ಸಿನಲ್ಲಿ ಬರುವ ಬೀಗರಿಗೆ ಸಿಗಬೇಕು" ಅನ್ನುತ್ತಿದ್ದರು. ಹಳದಿ ಮೇಲೆ ಕಪ್ಪು ದೂರಕ್ಕೆ ಕಾಣುತ್ತದೆ. ಆದರೆ ಮನೆಯವರಿಗೆ ಇಷ್ಟ ಕೆಂಪಿನ ಮೇಲೆ ಬಂಗಾರ. ಬಂಗಾರದ ಬಣ್ಣ ಡಬ್ಬಿಯಲ್ಲಿ ಹೊಳೆಯುತ್ತದೆ, ತಗಡಿನ ಮೇಲೆ ಎರಡು ಬೇಸಿಗೆ ಕಳೆದರೆ ಕಂದು ಆಗುತ್ತದೆ. ಡೆಮುತ್ ಚಿನ್ನದ ರೇಕು ಯಾಕೆ ಹಚ್ಚಿದ ಅನ್ನುವುದು ಬಣ್ಣದ ಅಂಗಡಿ ಸಾಲ ತೀರಿಸಿದವರಿಗೆ ಬೇಗ ತಿಳಿಯುತ್ತದೆ.

ಲೇಖಕರು ಹೇಳುವ ಹಾಗೆ ಓರೆ ಪಟ್ಟಿ, ಒಡೆದ ಆಕಾರ ಪ್ಯಾರಿಸ್ಸಿನ ಕ್ಯೂಬಿಸಂನಿಂದ, ಅಂದರೆ ವಸ್ತುವನ್ನು ಹೋಳು ಹೋಳು ಮಾಡಿ ಬರೆಯುವ ಪದ್ಧತಿಯಿಂದ, ಬಂದಿರಬಹುದು. ಬರಲಿ. ಆ 5 ಬಂದದ್ದು ಬಂಡಿಗೆ ಬಣ್ಣ ಬಳಿದವನ ಕೈಯಿಂದ. ಅವನ ಹೆಸರು ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ. ಅವನು ಬರೆದ ಅಂಕಿ ಅಷ್ಟು ಗಟ್ಟಿಯಾಗಿ ಇರದಿದ್ದರೆ ಆ ಹೊತ್ತಿನಲ್ಲಿ ಡಾಕ್ಟರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅದೇ ಡೆಮುತ್ ಹಿಂದಿನ ವರ್ಷ ತನ್ನೂರಿನ ಕಾಳು ತುಂಬುವ ದೊಡ್ಡ ಕಾಂಕ್ರೀಟ್ ಗೋಪುರಗಳನ್ನು ಬರೆದು ಅದಕ್ಕೆ 'ನನ್ನ ಈಜಿಪ್ಟ್' ಅಂತ ಹೆಸರಿಟ್ಟ. ಪಿರಮಿಡ್ ನೋಡಲು ದೂರ ಹೋಗಬೇಕಿಲ್ಲ ಅನ್ನುವ ಗತ್ತು. ಚಾರ್ಲ್ಸ್ ಶೀಲರ್ ಇದೇ ದಾರಿಯವನು. 1927ರಲ್ಲಿ ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯ ಫೋಟೋ ತೆಗೆದ, ಆಮೇಲೆ ಅದನ್ನೇ ಚಿತ್ರ ಮಾಡಿದ. ಗೆರೆ ಶುದ್ಧ, ಕೈ ಒಂದಿಷ್ಟೂ ನಡುಗಿಲ್ಲ. ಆದರೂ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಸಾವಿರಾರು ಜನ ದುಡಿಯುವ ಕಾರ್ಖಾನೆ, ಚಿತ್ರದಲ್ಲಿ ಹಳಿ ಮೇಲೆ ಓಡುವ ಒಬ್ಬನೇ ಮನುಷ್ಯ, ಅವನೂ ಇರುವೆಯಷ್ಟು. ನಮ್ಮ ಕಡೆ ಸಕ್ಕರೆ ಕಾರ್ಖಾನೆ ಮುಂದೆ ಹಂಗಾಮಿನಲ್ಲಿ ಒಮ್ಮೆ ನಿಂತು ನೋಡಿ. ಚಿಮಣಿಗಿಂತ ಮೊದಲು ಕಣ್ಣಿಗೆ ಬೀಳುವುದು ಟ್ರ್ಯಾಕ್ಟರ್ ಡ್ರೈವರುಗಳು, ಚಹಾದಂಗಡಿ, ಬೈಗುಳ. ಜೆರಾಲ್ಡ್ ಮರ್ಫಿ ಅಂತ ಇನ್ನೊಬ್ಬ ಇದ್ದ, ಶ್ರೀಮಂತ, ಇದ್ದದ್ದು ಫ್ರಾನ್ಸಿನಲ್ಲಿ. ಆದರೆ ಬರೆದದ್ದು ಗಡ್ಡ ಹೆರೆಯುವ ರೇಜರ್, ಫೌಂಟನ್ ಪೆನ್ನು, ಬೆಂಕಿಪೊಟ್ಟಣ, ಗಡಿಯಾರದ ಒಳಗಿನ ಚಕ್ರಗಳು, ಎಲ್ಲ ದೊಡ್ಡ ದೊಡ್ಡದಾಗಿ. ಕೆಲವೇ ವರ್ಷ ಬರೆದು ಬಿಟ್ಟುಬಿಟ್ಟ. ಜಾರ್ಜಿಯಾ ಓಕೀಫ್ ಬಗ್ಗೆ ನಿಮ್ಮ ಲೇಖನದಲ್ಲಿ ಹೂವಿನ ಚಿತ್ರದ ಎರಡು ಮಾತು ಬಂದಿದೆ. ಆಕೆ 1927ರಲ್ಲಿ ನ್ಯೂಯಾರ್ಕಿನ ರೇಡಿಯೇಟರ್ ಬಿಲ್ಡಿಂಗ್ ಅನ್ನುವ ಎತ್ತರದ ಕಟ್ಟಡವನ್ನು ರಾತ್ರಿ ಕಾಣುವ ಹಾಗೆ ಬರೆದದ್ದನ್ನೂ ನೋಡಿ. ಪಕ್ಕದಲ್ಲಿ ಕೆಂಪು ನಿಯಾನ್ ಬೋರ್ಡು, ಅದರಲ್ಲಿ ಗಂಡ ಸ್ಟೀಗ್ಲಿಟ್ಜ್ ಹೆಸರು! ಬೋರ್ಡಿನ ಮಹಿಮೆ ಅಂದರೆ ಇದು.

ವಿಲೆಮ್ ಡಿ ಕೂನಿಂಗ್ ಹೆಸರು ಲೇಖನದಲ್ಲಿ 1950ರ ಲೆಕ್ಕಕ್ಕೆ ಬಂದಿದೆ. ಅದಕ್ಕೂ ಮೊದಲಿನದನ್ನು ನಾನು ಹೇಳುತ್ತೇನೆ. ಹಾಲೆಂಡಿನ ರಾಟರ್‌ಡ್ಯಾಮ್ ಊರಿನವನು. ಹನ್ನೆರಡರ ವಯಸ್ಸಿಗೇ ಅಲಂಕಾರ, ಬಣ್ಣದ ಕೆಲಸ ಮಾಡುವವರ ಕೈಕೆಳಗೆ ಕಲಿಯಲು ಸೇರಿದ. 1926ರಲ್ಲಿ ಟಿಕೆಟ್ಟಿಲ್ಲದೆ ಹಡಗಿನಲ್ಲಿ ಅಡಗಿ ಕೂತು ಅಮೆರಿಕಕ್ಕೆ ಬಂದ. ಹೋಬೋಕನ್ ಅನ್ನುವ ಊರಲ್ಲಿ ಮನೆಗೆ ಸುಣ್ಣಬಣ್ಣ ಹೊಡೆದ. ಆಮೇಲೆ ಅಂಗಡಿ ಕಿಟಕಿ ಅಲಂಕಾರ, ಬೋರ್ಡು, ಜಾಹೀರಾತು. ಬೋರ್ಡಿನವರು ಉದ್ದ ಗೆರೆ ಎಳೆಯುವ ಲೈನರ್ ಬ್ರಷ್ ಇದೆಯಲ್ಲ, ಉದ್ದ ಕೂದಲು, ತೆಳು ಮೂತಿ, ಅದನ್ನು ಅವನು ಕಡೆಯವರೆಗೂ ಬಿಡಲಿಲ್ಲ. ಒಮ್ಮೆ ಬಣ್ಣ ತುಂಬಿಕೊಂಡರೆ ಮೊಳಗಟ್ಟಲೆ ಓಡುತ್ತದೆ ಆ ಬ್ರಷ್ಷು. ಕೈ ನಿಂತರೆ ಗಂಟು ಬೀಳುತ್ತದೆ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಮುಗಿಸಬೇಕು. ಮುಂದೆ ದುಡ್ಡಿಲ್ಲದ ದಿನಗಳಲ್ಲಿ ಕಲಾವಿದರ ಬಣ್ಣ ಬಿಟ್ಟು ಮನೆಗೆ ಹೊಡೆಯುವ ಎನಾಮಲ್ಲಿನಲ್ಲೇ ಕಪ್ಪು-ಬಿಳುಪು ಚಿತ್ರ ಬರೆದ. ಆ ಚಿತ್ರಗಳ ಗೆರೆ ನೋಡಿ ವಿಮರ್ಶಕರು ಏನೇನೋ ಬರೆದಿದ್ದಾರೆ. ನನಗೆ ಕಂಡದ್ದು ಲೈನರ್ ಹಿಡಿದ ಕೈ.

ಇಷ್ಟು ಸಾಕಾಗಿತ್ತು. ಆದರೆ ನಿಮ್ಮ ಲೇಖನ ಬಿಟ್ಟ ಇನ್ನೊಂದು ದೊಡ್ಡ ವಿಷಯವಿದೆ, ಅದು ಸಂಬಳ.

1929ರಲ್ಲಿ ಅಲ್ಲಿ ಷೇರುಪೇಟೆ ಬಿತ್ತು. ಕೆಲಸ ಹೋದವರ ಲೆಕ್ಕ ಕೋಟಿಗೆ ಏರಿತು. ಅನ್ನಕ್ಕೇ ತತ್ವಾರ, ಚಿತ್ರ ಯಾರು ಕೊಳ್ಳಬೇಕು? ರೂಸ್‌ವೆಲ್ಟ್ ಸರ್ಕಾರ 1933ರ ಕೊನೆಗೆ ಒಂದು ಸಣ್ಣ ಯೋಜನೆ, 1935ರಲ್ಲಿ ಫೆಡರಲ್ ಆರ್ಟ್ ಪ್ರಾಜೆಕ್ಟ್ ಅನ್ನುವ ದೊಡ್ಡ ಯೋಜನೆ ತಂದಿತು. ರಸ್ತೆ ಹಾಕುವವರಿಗೆ, ಸೇತುವೆ ಕಟ್ಟುವವರಿಗೆ ಕೂಲಿ ಕೊಡುವ ಹಾಗೆ ಚಿತ್ರ ಬರೆಯುವವರಿಗೂ ವಾರದ ಕೂಲಿ. ನ್ಯೂಯಾರ್ಕಿನಲ್ಲಿ ಅದು ವಾರಕ್ಕೆ ಸುಮಾರು 24 ಡಾಲರ್. ಪೊಲಾಕ್, ರಾಥ್ಕೊ, ಲೀ ಕ್ರಾಸ್ನರ್, ಗೋರ್ಕಿ, ನಮ್ಮ ಡೇವಿಸ್, ಎಲ್ಲರೂ ಅದರಲ್ಲಿ ದುಡಿದವರು. ಡಿ ಕೂನಿಂಗ್ ಕೂಡ ಇದ್ದ, ಆದರೆ ಅಮೆರಿಕದ ಪ್ರಜೆ ಅಲ್ಲ ಅನ್ನುವ ಕಾರಣಕ್ಕೆ 1937ರಲ್ಲಿ ಬಿಡಬೇಕಾಯಿತು. 1943ರಲ್ಲಿ ಯೋಜನೆ ಮುಚ್ಚುವ ಹೊತ್ತಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಗೋಡೆಚಿತ್ರ, ಒಂದು ಲಕ್ಷಕ್ಕೂ ಹೆಚ್ಚು ಚಿತ್ರ ಆಗಿದ್ದವು. ಎಲ್ಲ ಒಳ್ಳೆಯವೇ? ಇಲ್ಲ ಬಿಡಿ. ಹತ್ತು ಬೋರ್ಡು ಬರೆದರೆ ಎರಡು ನಮಗೇ ಇಷ್ಟ ಆಗುತ್ತವೆ. ಆದರೆ ಆ ಎರಡು ಬರಬೇಕಾದರೆ ಹತ್ತನ್ನೂ ಬರೆಯಬೇಕು, ಅಷ್ಟು ದಿನ ಮನೆಯಲ್ಲಿ ಒಲೆ ಉರಿಯಬೇಕು. ನಿಮ್ಮ ಲೇಖಕರು 1945ರ ನಂತರ ಒಮ್ಮೆಲೇ ಹುಟ್ಟಿದರು ಅನ್ನುವ ದೊಡ್ಡವರೆಲ್ಲ ಇಲ್ಲಿ ವಾರದ ಕೂಲಿ ಎಣಿಸಿಕೊಂಡು ಕೈ ಕುದುರಿಸಿಕೊಂಡವರೇ.

ಅದೇ ಯೋಜನೆಯಲ್ಲಿ ಪೋಸ್ಟರ್ ವಿಭಾಗ ಅಂತ ಒಂದಿತ್ತು. ಮೊದಲು ಪೋಸ್ಟರು ಒಂದೊಂದನ್ನೇ ಕೈಯಿಂದ ಬರೆಯುತ್ತಿದ್ದರು. ಆಂಥನಿ ವೆಲೋನಿಸ್ ಅನ್ನುವವನು ಬಂದು ರೇಷ್ಮೆ ಬಟ್ಟೆಯ ಸ್ಕ್ರೀನ್ ಪ್ರಿಂಟಿಂಗ್ ಶುರು ಮಾಡಿಸಿದ. ನಮ್ಮಲ್ಲಿ ಮದುವೆ ಕಾರ್ಡಿಗೆ, ಬಟ್ಟೆ ಚೀಲಕ್ಕೆ ಮಾಡುತ್ತಿದ್ದೆವಲ್ಲ, ಅದೇ ಚೌಕಟ್ಟು, ಅದೇ ರಬ್ಬರಿನ ಪಟ್ಟಿಯಲ್ಲಿ ಬಣ್ಣ ಎಳೆಯುವುದು. ಕ್ಷಯ ಪರೀಕ್ಷೆ ಮಾಡಿಸಿ, ನಾಟಕ ನೋಡಿ, ಪುಸ್ತಕ ಓದಿ ಅನ್ನುವ ಸರ್ಕಾರಿ ಪೋಸ್ಟರುಗಳೇ. ಆದರೆ ಅವುಗಳ ಬಣ್ಣ, ಖಾಲಿ ಜಾಗ, ಅಕ್ಷರದ ದಪ್ಪ ನೋಡಿ. ಸರ್ಕಾರಿ ಕೆಲಸ ಅಂದರೆ ಕಾಟಾಚಾರ ಅಂತ ಯಾರು ಹೇಳಿದರು?

ಇನ್ನು ಜೇಕಬ್ ಲಾರೆನ್ಸ್. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕರಿಯ ಹುಡುಗ, ಇಂಥ ಸರ್ಕಾರಿ ದುಡ್ಡಿನ ಕಲಾಕೇಂದ್ರದಲ್ಲೇ ಕಲಿತವನು. ಅಮೆರಿಕ ಇನ್ನೂ ಎರಡನೆಯ ಯುದ್ಧಕ್ಕೆ ಇಳಿದಿರಲಿಲ್ಲ, 1940-41ರಲ್ಲಿ, ತನ್ನ ಜನ ದಕ್ಷಿಣದ ಹತ್ತಿ ಹೊಲ ಬಿಟ್ಟು ಉತ್ತರದ ಪಟ್ಟಣಗಳಿಗೆ ಗುಳೆ ಹೋದ ಕಥೆಯನ್ನು 60 ಚಿತ್ರಗಳಲ್ಲಿ ಬರೆದ. ಅವನಿಗೆ ಆಗ ಇಪ್ಪತ್ಮೂರು. 60 ಹಲಗೆಗಳನ್ನೂ ಒಟ್ಟಿಗೆ ಹರಡಿಕೊಂಡು, ಒಂದು ಬಣ್ಣ ಕಲಸಿದರೆ ಆ ಬಣ್ಣ ಎಲ್ಲೆಲ್ಲಿ ಬೇಕೋ ಅಷ್ಟೂ ಹಲಗೆಗೆ ಹಚ್ಚಿ, ಆಮೇಲೆ ಮುಂದಿನ ಬಣ್ಣಕ್ಕೆ ಹೋಗುತ್ತಿದ್ದ. ಇದನ್ನು ಓದಿದಾಗ ನಾನು ಕೂತಲ್ಲೇ ತೊಡೆ ತಟ್ಟಿದೆ. ಒಂದೇ ಸಾವಕಾರರ ಆರು ಅಂಗಡಿಗೆ ಬೋರ್ಡು ಬರೆಯುವಾಗ ನಾವು ಮಾಡುವುದು ಇದೇ. ಎರಡನೇ ಸಲ ಕಲಸಿದ ಹಸಿರು ಮೊದಲಿನ ಹಸಿರಿನ ಹಾಗೆ ಎಂದೂ ಬರುವುದಿಲ್ಲ. ಗುಳೆ ಅಂದರೇನು ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಂಟುಮೂಟೆ ಹೊತ್ತು ಸ್ಟೇಷನ್ನಿನಲ್ಲಿ ಕಿಕ್ಕಿರಿದ ಆ ಜನರನ್ನು ನೋಡಿದರೆ ಗೋವಾ ಬಸ್ಸು ಹತ್ತುವವರೇ ಕಾಣುತ್ತಾರೆ.

ಅಳಿಸಿದ ಕಥೆಯೂ ಇದೆ. ಆರ್ಷಿಲ್ ಗೋರ್ಕಿ ಆರ್ಮೇನಿಯನ್ ಜನಾಂಗದವನು. ಆ ಜನಾಂಗದ ನರಮೇಧದಿಂದ ತಪ್ಪಿಸಿಕೊಂಡು ಬಂದವನು, ತಾಯಿ ಹಸಿವಿನಿಂದ ಸತ್ತಳು. ಸರ್ಕಾರಿ ಕೂಲಿಯಲ್ಲಿ ನ್ಯೂಯಾರ್ಕಿನ ಹತ್ತಿರದ ನ್ಯೂಆರ್ಕ್ ಅನ್ನುವ ಊರಿನ ವಿಮಾನ ನಿಲ್ದಾಣಕ್ಕೆ ಹತ್ತು ದೊಡ್ಡ ಚಿತ್ರ ಮಾಡಿದ. ರೆಕ್ಕೆ, ಚಕ್ರ, ಇಂಧನದ ಟಾಕಿ, ಎಲ್ಲ ಬಿಡಿಬಿಡಿಯಾಗಿ. 1937ರಲ್ಲಿ ಗೋಡೆಗೆ ಏರಿದವು. ಎರಡನೆಯ ಯುದ್ಧದಲ್ಲಿ ನಿಲ್ದಾಣ ಸೈನ್ಯದ ಕೈಗೆ ಹೋಯಿತು. ಗೋಡೆಗೆ ಬಣ್ಣ ಹೊಡೆಯುವವರು ಚಿತ್ರದ ಮೇಲೂ ಹೊಡೆದರು, ಮತ್ತೆ ಹೊಡೆದರು. 1970ರ ದಶಕದಲ್ಲಿ ಪದರ ಪದರ ಕೆರೆದು ನೋಡಿದಾಗ ಹತ್ತರಲ್ಲಿ ಎರಡೇ ಸಿಕ್ಕವು. ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್‌ನಲ್ಲಿ ದುಡಿಯುವವರ ವಸತಿ ಕಟ್ಟಡಗಳಿಗೆ ಬೊಲೊಟೊವ್‌ಸ್ಕಿ ಮತ್ತು ಇತರರು ಮಾಡಿದ ಅಮೂರ್ತ ಚಿತ್ರಗಳಿಗೂ ಇದೇ ಗತಿ. ಅವೂ ಬಣ್ಣದ ಕೆಳಗೆ ಹೋಗಿ, 1980ರ ದಶಕದಲ್ಲಿ ಮತ್ತೆ ಹೊರಬಂದು ಈಗ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿವೆ. ಅದೇ ಕಟ್ಟಡಕ್ಕೆ ಅಂತ ಡೇವಿಸ್ 1938ರಲ್ಲಿ ಬರೆದ 'ಸ್ವಿಂಗ್ ಲ್ಯಾಂಡ್‌ಸ್ಕೇಪ್' ಅಲ್ಲಿಗೆ ಹೋಗಲೇ ಇಲ್ಲ, ಈಗ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದೆ. ಯೋಜನೆ ಮುಚ್ಚಿದಾಗ ಉಳಿದ ಎಷ್ಟೋ ಕ್ಯಾನ್ವಾಸುಗಳನ್ನು ಸರ್ಕಾರ ತೂಕದ ಮೇಲೆ ಗುಜರಿಗೆ ಮಾರಿತು. ನಮ್ಮಲ್ಲಿ ಹಳೇ ಫ್ಲೆಕ್ಸ್ ಬಣವಿಗೆ ಹೊದಿಸುತ್ತಾರೆ, ಅಲ್ಲಿ ಪೈಪಿಗೆ ಸುತ್ತಲು ಅಂತ ಕೊಂಡರು.

ಹಾಗಾದರೆ ಈ ಕಾಲ ಖಾಲಿ ಇತ್ತು ಅನ್ನುವ ಮಾತು ಎಲ್ಲಿಂದ ಬಂತು? ಅಮೆರಿಕದಿಂದಲೇ. 1929ರಲ್ಲಿ ನ್ಯೂಯಾರ್ಕಿನಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಶುರುವಾಯಿತು. 1936ರಲ್ಲಿ ಅದು ಕ್ಯೂಬಿಸಂ ಮತ್ತು ಅಮೂರ್ತ ಕಲೆಯ ದೊಡ್ಡ ಪ್ರದರ್ಶನ ಮಾಡಿತು. ತೂಗುಹಾಕಿದ್ದು ಬಹುಪಾಲು ಯುರೋಪಿನವರನ್ನೇ. ಅದೇ ವರ್ಷ ಅಲ್ಲಿನ ಅಮೂರ್ತ ಕಲಾವಿದರು ತಮ್ಮದೇ ಸಂಘ ಕಟ್ಟಿಕೊಂಡರು. 1940ರ ಏಪ್ರಿಲ್‌ನಲ್ಲಿ ಅದೇ ಮ್ಯೂಸಿಯಮ್ಮಿನ ಬಾಗಿಲಿಗೆ ಹೋಗಿ, ಈ ಮಾಡರ್ನ್ ಮ್ಯೂಸಿಯಂ ಎಷ್ಟರ ಮಟ್ಟಿಗೆ ಮಾಡರ್ನು ಅಂತ ಕೇಳುವ ಕರಪತ್ರ ಹಂಚಿದರು. ಕರಪತ್ರ ಜೋಡಿಸಿದವನು ಆಡ್ ರೈನ್‌ಹಾರ್ಟ್. ಅದರಲ್ಲಿ ಹತ್ತಾರು ಥರದ ಅಕ್ಷರ, ಹಳೇ ಕಂಪನಿ ನಾಟಕದ ಹ್ಯಾಂಡ್‌ಬಿಲ್ಲಿನ ಹಾಗೆ. ಊರ ದೇವರಿಗೆ ಊರವರೇ ಕೈಮುಗಿಯದಿದ್ದರೆ ಪರವೂರಿನ ಲೇಖಕರನ್ನು ಏನಂತ ದೂರಲಿ?

ಈಗ ನಮ್ಮ ಊರಿನ ಮಾತು. ಶಾಲೆ, ಬಸ್ ನಿಲ್ದಾಣ, ಆಸ್ಪತ್ರೆ ಕಾಂಪೌಂಡುಗಳಿಗೆ ಆಗಾಗ ಚಿತ್ರ, ಗೋಡೆಬರಹ ಮಾಡಿಸುತ್ತಾರೆ. ಅದು ಟೆಂಡರಿಗೆ ಹೋಗುತ್ತದೆ. ಟೆಂಡರ್ ಹಿಡಿದವರು ಬೇರೆ ಊರಿನವರು, ಅವರ ಕೈಕೆಳಗೆ ಇನ್ನೊಬ್ಬರು, ಅವರ ಕೈಕೆಳಗೆ ನಾವು, ಚದರ ಅಡಿಗೆ ಇಷ್ಟು ಅಂತ. ಚದರ ಅಡಿ ಲೆಕ್ಕದಲ್ಲಿ ಆಕಾಶಕ್ಕೂ ಅದೇ ದರ, ಮುಖಕ್ಕೂ ಅದೇ ದರ. ಹಾಗಾಗಿ ಎಲ್ಲ ಗೋಡೆಯಲ್ಲೂ ಆಕಾಶ ಜಾಸ್ತಿ! ಒಂದು ಶಾಲೆಯ ಗೋಡೆಗೆ ನಾನು ಇಳಕಲ್ಲಿನ ಮಗ್ಗ, ಮುಧೋಳದ ನಾಯಿ, ಗುಳೇದಗುಡ್ಡದ ಖಣದ ಅಂಚು ಬರೆದಿದ್ದೆ. ಖಣದ ಅಂಚನ್ನು ನೇಕಾರರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳೆ ಎಣಿಸಿ ಬರೆದದ್ದು. ಮುಂದೊಮ್ಮೆ ಹೋದಾಗ ಅದರ ಮೇಲೆ ಯಾವುದೋ ಯೋಜನೆಯ ಮುದ್ರಿತ ಹಾಳೆ ಅಂಟಿತ್ತು. ಅದು ಹರಿದ ಮೇಲೆ ಕೆಳಗಿನದನ್ನೂ ಸೇರಿಸಿ ಸುಣ್ಣ ಹೊಡೆದರು. ಯಾರನ್ನೂ ದೂರುವುದಿಲ್ಲ, ಆ ಗೋಡೆಯಲ್ಲಿ ಚಿತ್ರ ಇತ್ತು ಅನ್ನುವ ದಾಖಲೆ ಯಾರ ಹತ್ತಿರವೂ ಇರಲಿಲ್ಲ ಅಷ್ಟೇ.

ನನ್ನ ಬೇಡಿಕೆ ಸಣ್ಣದು. ಈ ದುಡ್ಡು ಹೇಗೂ ಖರ್ಚಾಗುತ್ತಿದೆ. ಅದನ್ನು ಚದರ ಅಡಿ ಲೆಕ್ಕ ಬಿಟ್ಟು ವಾರದ ಕೂಲಿ ಲೆಕ್ಕದಲ್ಲಿ ಕೊಡಿ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ಮೂಲೆಗಿಟ್ಟವರು, ಚಿತ್ರಕಲಾ ಶಾಲೆಯಲ್ಲಿ ಕಲಿತು ಮೊಬೈಲ್ ಅಂಗಡಿಯಲ್ಲಿ ಕೂತ ಹುಡುಗರು ಬಹಳ ಜನ ಇದ್ದಾರೆ. ಒಂದು ಗೋಡೆಗೆ ಇಬ್ಬರು: ಒಬ್ಬ ಹಳಬ, ಒಬ್ಬ ಹುಡುಗ. ಕೆಳಗೆ ಮೂಲೆಯಲ್ಲಿ ಇಬ್ಬರ ಹೆಸರು, ವರ್ಷ. ಸುಣ್ಣ ಹೊಡೆಯುವ ಮೊದಲು ಕನಿಷ್ಠ ಒಂದು ಫೋಟೋ. ಹುಡುಗರು ಕೆರೆ, ನವಿಲು, ಸೂರ್ಯೋದಯ ಬಿಟ್ಟು ಏನಾದರೂ ತಲೆಹರಟೆ ಬರೆದರೆ ಬರೆಯಲಿ, ಸುಮ್ನೆ ಬಿಡಿ. ಅರ್ಥ ಆಗಲಿಲ್ಲ ಅಂತ ಯಾರಾದರೂ ನಿಮ್ಮ ಪತ್ರಿಕೆಗೆ ಬರೆದರೆ ಉತ್ತರ ಬರೆಯಲು ನಾನಿದ್ದೇನೆ.

ಕೊನೆಗೆ ಇನ್ನೊಂದು. ಲೇಖನದ ಜೊತೆ ಪೊಲಾಕ್ ಚಿತ್ರವನ್ನು ಅರ್ಧ ಪುಟ ಹಾಕಿದ್ದೀರಿ. ಈ ಪತ್ರ ಪ್ರಕಟಿಸುವುದಾದರೆ ಡೆಮುತ್‌ನ 5ಕ್ಕೂ ಅಷ್ಟೇ ಜಾಗ ಕೊಡಿ. ಕಪ್ಪು-ಬಿಳುಪು ಪುಟದಲ್ಲಿ ಹಾಕುವುದಾದರೆ ಮಾತ್ರ ಬೇಡ, ಬಣ್ಣದ ಪುಟ ಖಾಲಿ ಆಗುವವರೆಗೆ ಕಾಯುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಬೋರ್ಡ್ ಪೇಂಟರ್
ನವನಗರ, ಬಾಗಲಕೋಟೆ